ಸನಮಡಿಯಿಂದ ಸಭಾಂಗಣಕ್ಕೆ: ವೃತ್ತಿಪರರ ಮುಂದೆ ಸ್ವಂತ ಅನುಭವ ಹೇಳುವ ಬಗೆ



ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಗೆ ಅಂಟಿಕೊಂಡಿದೆ. ಸನಮಡಿ, ಸಂಖ, ಉಮದಿ, ಗುಡ್ಡಾಪುರದ ಕಡೆಯ ಎಷ್ಟೋ ಮನೆಗಳಲ್ಲಿ ಅಡಿಗೆಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಮುಂದೆ ಓದಿದವರಿಗೆ ಪರೀಕ್ಷೆಯ ಮಾತು ಇಂಗ್ಲಿಷ್. ಹೀಗೆ ಮೂರು ಭಾಷೆ ದಾಟಿ ಹೊರಗೆ ಬಂದವರು ಇಂದು ಮಿರಜದ ಆಸ್ಪತ್ರೆಗಳಲ್ಲಿ, ಸಾಂಗಲಿಯ ಬ್ಯಾಂಕುಗಳಲ್ಲಿ, ಪುಣೆ, ಬೆಂಗಳೂರಿನ ಕಂಪನಿಗಳಲ್ಲಿ, ಶಾಲೆ ಕಾಲೇಜುಗಳಲ್ಲಿ ಇದ್ದಾರೆ. ಒಂದಲ್ಲ ಒಂದು ದಿನ ಅವರಿಗೆ ಕರೆ ಬರುತ್ತದೆ: ಇಲಾಖೆಯ ತರಬೇತಿ ಇದೆ, ವೈದ್ಯರ ಸಮ್ಮೇಳನ ಇದೆ, ಬೆಳೆಗಾರರ ಸಭೆ ಇದೆ, ಬಂದು ನಿಮ್ಮ ಅನುಭವ ಹೇಳಿ.

ಆಗ ನಮ್ಮವರು ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ತಮ್ಮ ಬಗ್ಗೆ ಒಂದು ಮಾತೂ ಆಡದೆ ಇಪ್ಪತ್ತೆಂಟು ಸ್ಲೈಡು ತೋರಿಸಿ ಕೆಳಗಿಳಿಯುತ್ತಾರೆ. ಇನ್ನು ಕೆಲವರು ಹುಟ್ಟಿದ ದಿನದಿಂದ ಸುರುಮಾಡಿ ಬಡ್ತಿ ಸಿಕ್ಕ ದಿನದವರೆಗೆ ಹೇಳುತ್ತಾರೆ; ಅಷ್ಟರಲ್ಲಿ ಚಹಾದ ಹೊತ್ತಾಗಿರುತ್ತದೆ. ಈ ಎರಡರ ನಡುವೆ ಇರುವ ದಾರಿಯ ಬಗ್ಗೆ ನಾವು ಇಲ್ಲಿ ಬರೆಯುತ್ತಿದ್ದೇವೆ. ಬೇಕಾದಾಗ ತೆಗೆದು ನೋಡಲು ಬರುವಂತೆ ಉದಾಹರಣೆಗಳನ್ನೂ ಸೇರಿಸಿದ್ದೇವೆ.

ಜತ್ತದವರಿಗೆ ಇದು ಯಾಕೆ ಬೇಕು

2022ರ ನವೆಂಬರಿನಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಜತ್ತ ತಾಲೂಕಿನ ಸುಮಾರು ನಲವತ್ತು ಹಳ್ಳಿಗಳ ಮಾತೆತ್ತಿದರು. ನೀರಿಲ್ಲವೆಂದು ಬೇಸತ್ತ ಅಲ್ಲಿನ ಗ್ರಾಮ ಪಂಚಾಯತಿಗಳು ಕರ್ನಾಟಕ ಸೇರುವ ಠರಾವು ಮಾಡಿದ್ದನ್ನು ನೆನಪಿಸಿದರು. ಮಹಾರಾಷ್ಟ್ರದಿಂದ ಉತ್ತರ ಬಂತು, ಅದಕ್ಕೆ ಪ್ರತ್ಯುತ್ತರ ಹೋಯಿತು. 1967ರ ಮಹಾಜನ ಆಯೋಗದ ವರದಿ ಮತ್ತೆ ಹೊರಗೆ ಬಂತು. ಕೆಲವು ವಾರ ಟಿವಿಯಲ್ಲಿ ಜತ್ತವೇ ಜತ್ತ. ಆ ಚರ್ಚೆಯಲ್ಲಿ ಯಾರು ಸರಿ ಎಂಬುದು ಈ ಲೇಖನದ ವಿಷಯವಲ್ಲ. ನಮಗೆ ಬೇಕಾದದ್ದು ಅದರ ಒಂದು ಪರಿಣಾಮ ಮಾತ್ರ: ಅಂದಿನಿಂದ ಯಾವ ಸಭೆಯಲ್ಲಾದರೂ ಎದ್ದು ನಿಂತು "ನಾನು ಜತ್ತ ತಾಲೂಕಿನವನು" ಎಂದರೆ ಕೇಳುವವರ ತಲೆಯಲ್ಲಿ ಒಂದು ಕತೆ ಆಗಲೇ ಓಡುತ್ತಿರುತ್ತದೆ. ಬರ, ಟ್ಯಾಂಕರ್, ಗಡಿ. ನೀವು ಬೇರೆ ಏನೂ ಹೇಳದಿದ್ದರೆ ಅದೇ ನಿಮ್ಮ ಕತೆ ಆಗಿಬಿಡುತ್ತದೆ.

ನೈಜೀರಿಯಾದ ಲೇಖಕಿ ಚಿಮಾಮಾಂಡಾ ಅಡಿಚಿ 2009ರಲ್ಲಿ ಟೆಡ್ ವೇದಿಕೆಯಲ್ಲಿ ಮಾತಾಡಿದ್ದು ಇದೇ ಕಷ್ಟದ ಬಗ್ಗೆ. ಅಮೆರಿಕದಲ್ಲಿ ಓದಲು ಹೋದಾಗ ಕೋಣೆಯ ಗೆಳತಿ ನಿಮ್ಮ ಬುಡಕಟ್ಟಿನ ಸಂಗೀತ ಕೇಳಿಸು ಎಂದಳಂತೆ. ಇವರು ತೆಗೆದು ತೋರಿಸಿದ್ದು ಮರಾಯಾ ಕ್ಯಾರಿಯ ಕ್ಯಾಸೆಟ್ಟು. ಭಾಷಣದ ತುಂಬ ಇಂಥವೇ ಸಣ್ಣ ಸಣ್ಣ ಸಂಗತಿಗಳು. ಒಂದು ನಾಡಿನ ಬಗ್ಗೆ ಒಂದೇ ಕತೆ ಗೊತ್ತಿದ್ದರೆ ಏನಾಗುತ್ತದೆ ಎಂದು ವಾದ ಮಾಡುವ ಬದಲು ಆಕೆ ಅದನ್ನು ಆ ಕ್ಯಾಸೆಟ್ಟಿನಲ್ಲಿ ತೋರಿಸಿಬಿಟ್ಟರು.

ಜತ್ತದಲ್ಲಿ ಬರ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಗಿಣಿಮೂಗಿನ, ಎತ್ತರದ ಮಾಡಗ್ಯಾಳ ಕುರಿಯ ಊರೂ ಇದೇ ತಾಲೂಕಿನಲ್ಲಿದೆ. ದ್ರಾಕ್ಷಿ, ದಾಳಿಂಬೆ ಬೆಳೆಯುವವರಿದ್ದಾರೆ. ಕಾರ್ತಿಕದಲ್ಲಿ ದಾನಮ್ಮದೇವಿಯ ಜಾತ್ರೆಗೆ ಎರಡೂ ರಾಜ್ಯದ ಜನ ನಡೆದುಕೊಂಡು ಬರುತ್ತಾರೆ. ಕುರುಬರ ಮನೆಯಿಂದ ಬಂದ ಪಶುವೈದ್ಯರೊಬ್ಬರು ತಳಿ ಸಂರಕ್ಷಣೆಯ ಸಭೆಯಲ್ಲಿ ನಿಂತು, ಒಳ್ಳೆಯ ಟಗರು ಯಾವುದೆಂದು ತಮ್ಮ ಅಜ್ಜ ಮುಟ್ಟಿ ನೋಡಿ ಹೇಗೆ ಹೇಳುತ್ತಿದ್ದರು ಎಂಬುದನ್ನು ಹೇಳಿದರೆ, ಆ ಸಭೆಗೆ ಅದು ಯಾವ ಸ್ಲೈಡಿನಲ್ಲೂ ಸಿಗದ ಮಾಹಿತಿ.

"ತನ್ನ ಬಗ್ಗೆ ತಾನೇ ಹೇಳಿಕೋಬಾರದು"

ನಮ್ಮ ಕಡೆ ಇದೊಂದು ಸಂಕೋಚ ಗಟ್ಟಿಯಾಗಿದೆ. ತನ್ನ ಬಗ್ಗೆ ತಾನೇ ಮಾತಾಡುವವನನ್ನು ಊರು ಬಡಾಯಿಗಾರ ಎನ್ನುತ್ತದೆ. ಈ ಭಾಗದ ಜನ ಅತಿ ಹೆಚ್ಚು ಪ್ರೀತಿಯಿಂದ ಕೇಳಿದ ಮಾತುಗಾರರು ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಜೇಬಿಲ್ಲದ ಅಂಗಿ ತೊಟ್ಟು, ಕೊಟ್ಟ ಪದ್ಮಶ್ರೀಯನ್ನೂ ಬೇಡವೆಂದವರು. 2023ರ ಜನವರಿಯಲ್ಲಿ ಅವರು ದೇಹ ಬಿಟ್ಟಾಗ, ತಮಗೆ ಸ್ಮಾರಕ ಕಟ್ಟಬಾರದೆಂದು ಮೊದಲೇ ಬರೆದಿಟ್ಟಿದ್ದರು. ಕನ್ನಡದಲ್ಲೂ ಮರಾಠಿಯಲ್ಲೂ ಬೆಳಗಿನ ಹೊತ್ತು ಸಾವಿರಾರು ಜನರಿಗೆ ಪ್ರವಚನ ಹೇಳಿದ ಅವರು ತಮ್ಮ ಬಗ್ಗೆ ಆಡಿದ್ದು ಬಹಳ ಕಡಿಮೆ. ಅಂಥವರನ್ನು ಕೇಳಿ ಬೆಳೆದವರಿಗೆ ಮೈಕು ಹಿಡಿದು "ನಾನು" ಎನ್ನಲು ನಾಲಿಗೆ ಏಳುವುದಿಲ್ಲ. ಅದು ಸಹಜ.

ಈ ಸಂಕೋಚವನ್ನು ಕಿತ್ತೊಗೆಯಿರಿ ಎಂದು ನಾವು ಹೇಳುವುದಿಲ್ಲ. ಅದು ಒಳ್ಳೆಯ ಜರಡಿ. ಸಾಧನೆಯ ಪಟ್ಟಿ, ಪ್ರಶಸ್ತಿ, "ನಾನು ಕಷ್ಟಪಟ್ಟು ಮೇಲೆ ಬಂದೆ" ಎಂಬ ಮಾತು ಆ ಜರಡಿಯಲ್ಲೇ ನಿಲ್ಲಲಿ. ಕೆಳಗೆ ಇಳಿಯಬೇಕಾದದ್ದು ನೀವು ಕಣ್ಣಾರೆ ಕಂಡದ್ದು. ಸ್ವಂತ ಕತೆ ಹೇಳುವವನು ಆ ಕತೆಯಲ್ಲಿ ನಾಯಕ ಆಗಬೇಕಿಲ್ಲ, ಸಾಕ್ಷಿ ಆದರೆ ಸಾಕು. ಹನ್ನೆರಡನೆಯ ಶತಮಾನದ ಶರಣರು ಮಾಡಿದ್ದೂ ಇದನ್ನೇ ಅಲ್ಲವೇ? ಅಂಬಿಗರ ಚೌಡಯ್ಯ ದೋಣಿ ನಡೆಸುವವನ ಮಾತಿನಲ್ಲಿ, ನುಲಿಯ ಚಂದಯ್ಯ ಹಗ್ಗ ಹೊಸೆಯುವವನ ಮಾತಿನಲ್ಲಿ ತಮ್ಮ ಅನುಭವ ಹೇಳಿದರು. ಅದನ್ನು ಯಾರೂ ಬಡಾಯಿ ಅನ್ನಲಿಲ್ಲ.

ಒಂದು ಗಳಿಗೆ ಸಾಕು

ಕನ್ನಡಿಗರು ವೃತ್ತಿಪರರ ಮುಂದೆ ಹೇಳಿದ ಕತೆಗಳಲ್ಲಿ ಬಹಳ ಜನರ ನೆನಪಿನಲ್ಲಿ ಉಳಿದ ಮೂರನ್ನು ನೋಡೋಣ.

ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿ 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದರು. ನೋಟಿಸ್ ಬೋರ್ಡಿನಲ್ಲಿ ಟೆಲ್ಕೋ ಕಂಪನಿಯ ಕೆಲಸದ ಪ್ರಕಟಣೆ. ಅದರ ಕೊನೆಯಲ್ಲಿ, ಮಹಿಳೆಯರು ಅರ್ಜಿ ಹಾಕುವುದು ಬೇಡ ಎಂಬ ಸಾಲು. ಅವರು ಒಂದು ಪೋಸ್ಟ್‌ಕಾರ್ಡ್ ತೆಗೆದುಕೊಂಡು ನೇರ ಜೆ.ಆರ್.ಡಿ. ಟಾಟಾ ಅವರಿಗೇ ಬರೆದರು. ಪುಣೆಗೆ ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಮಹಿಳಾ ಸಮಾನತೆಯ ಬಗ್ಗೆ ಒಂದು ಗಂಟೆ ಮಾತಾಡಬಹುದಾದ ವಿಷಯ ಇದು. ನೆನಪಿನಲ್ಲಿ ಉಳಿಯುವುದು ಆ ಒಂದು ಸಾಲು ಮತ್ತು ಆ ಒಂದು ಕಾರ್ಡು.

ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರದು ಇನ್ನೂ ಚಿಕ್ಕದು. ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು, ಇವರಿಗೆ ಅರ್ಥವಾಗಲಿಲ್ಲ, ಅವರು ಹೋಗಿಬಿಟ್ಟರು. ತನಗಾದದ್ದು ಊರ ಮಕ್ಕಳಿಗೆ ಆಗಬಾರದೆಂದು ಹಣ್ಣು ಮಾರಿದ ಹಣ ಕೂಡಿಸಿ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ಹೋಗಿ ಸ್ವೀಕರಿಸಿದರು. ಈ ಕತೆಗೆ ಬೇಕಾಗುವ ಹೊತ್ತು ಒಂದು ನಿಮಿಷವೂ ಇಲ್ಲ. ಶಿಕ್ಷಣಾಧಿಕಾರಿಗಳ ಸಭೆಯಲ್ಲಿ ಅದು ಮಾಡುವ ಕೆಲಸವನ್ನು ಯಾವ ವರದಿ ಮಾಡೀತು?

ಮೂರನೆಯದು ಗಡಿಯವರಿಗೆ ವಿಶೇಷವಾಗಿ ಹಿಡಿಸುವಂಥದು. ಇನ್ಫೋಸಿಸ್ಸಿನ ನಾರಾಯಣ ಮೂರ್ತಿ 2007ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ಟರ್ನ್ ಬಿಸಿನೆಸ್ ಸ್ಕೂಲಿನ ಪದವೀಧರರಿಗೆ ಮಾತಾಡಿದರು. ಕಂಪನಿಯ ಲೆಕ್ಕ ಹೇಳುತ್ತಾ ಹೋಗಬಹುದಿತ್ತು. ಅವರು ತಮ್ಮ ಬದುಕು ತಿರುಗಿದ ಕೆಲವೇ ಸಂದರ್ಭ ಆರಿಸಿಕೊಂಡರು. ಅದರಲ್ಲಿ ಒಂದು 1974ರದು. ಪ್ಯಾರಿಸಿನಿಂದ ಮೈಸೂರಿಗೆ ಸಿಕ್ಕ ವಾಹನ ಹಿಡಿಯುತ್ತ ಬರುವಾಗ, ಯುಗೊಸ್ಲಾವಿಯಾ ಮತ್ತು ಬಲ್ಗೇರಿಯಾ ಗಡಿಯ ನಿಶ್ ಊರಲ್ಲಿ ರೈಲು ಹತ್ತಿದರು. ಡಬ್ಬಿಯಲ್ಲಿದ್ದ ಹುಡುಗಿಯೊಡನೆ ಫ್ರೆಂಚಿನಲ್ಲಿ ಮಾತಾಡಿದರು. ಜೊತೆಗಿದ್ದವನಿಗೆ ಅದು ಸರಿಬರಲಿಲ್ಲ, ಪೊಲೀಸರು ಬಂದರು. ಎಂಟು ಅಡಿ ಉದ್ದ ಎಂಟು ಅಡಿ ಅಗಲದ ಕೋಣೆಯಲ್ಲಿ 72 ಗಂಟೆಗೂ ಹೆಚ್ಚು ಹೊತ್ತು ಅನ್ನ ನೀರಿಲ್ಲದೆ ಕೂಡಿಹಾಕಿದರು. ಕೊನೆಗೆ ಗೂಡ್ಸ್ ರೈಲಿನ ಗಾರ್ಡಿನ ಡಬ್ಬಿಗೆ ಹತ್ತಿಸಿ, ಭಾರತ ಮಿತ್ರದೇಶವೆಂದು ಬಿಡುತ್ತಿದ್ದೇವೆ ಎಂದು ಕಳಿಸಿದರು. ಅಲ್ಲಿಯವರೆಗೆ ಎಡಪಂಥದತ್ತ ಒಲಿದಿದ್ದ ತಾವು ಅಲ್ಲಿಂದ ಬದಲಾದದ್ದನ್ನು ಹೇಳಿ, ಉದ್ಯಮ ಕಟ್ಟುವ ವಿಷಯಕ್ಕೆ ಬಂದರು. ಅವರ ರಾಜಕೀಯ ನಿಲುವು ಒಪ್ಪುವುದು ಬಿಡುವುದು ಬೇರೆ. ಕೇಳುಗರು ಬಿಸಿನೆಸ್ ಓದಿದವರು. ಆರಿಸಿಕೊಂಡ ಸಂದರ್ಭ ಆ ಕೇಳುಗರ ಕೆಲಸಕ್ಕೇ ಬಂದು ಮುಟ್ಟಿತು ಎಂಬುದನ್ನು ಗಮನಿಸಬೇಕು.

ಮೂರರಲ್ಲೂ ಒಂದು ಜಾಗ ಇದೆ, ಒಂದು ಹೊತ್ತು ಇದೆ, ಕೈಯಲ್ಲಿ ಹಿಡಿಯಬಹುದಾದ ಅಥವಾ ಅಳೆಯಬಹುದಾದ ಒಂದು ವಸ್ತು ಇದೆ. ಪೋಸ್ಟ್‌ಕಾರ್ಡು, ಕಿತ್ತಳೆ, ಎಂಟಡಿ ಕೋಣೆ. ಬಾಲ್ಯವಿಲ್ಲ, ವಂಶಾವಳಿ ಇಲ್ಲ. ಏನೋ ಒಂದು ಅಡ್ಡ ಬಂತು, ಹೇಳುವವರು ಏನೋ ಒಂದು ಮಾಡಿದರು, ಅಥವಾ ಅವರೊಳಗೆ ಏನೋ ಬದಲಾಯಿತು. ಬಹಳ ಜನ "ನನ್ನ ಬದುಕಿನಲ್ಲಿ ಅಂಥದ್ದೇನೂ ಆಗಿಲ್ಲ" ಎನ್ನುತ್ತಾರೆ. ಪೊಲೀಸರು ಹಿಡಿಯಲೇಬೇಕೆಂದಿಲ್ಲ. ಕಿತ್ತಳೆಯ ಬೆಲೆ ಹೇಳಲು ಬಾರದಿದ್ದದ್ದು ಎಷ್ಟು ಸಣ್ಣ ಸಂಗತಿ ನೋಡಿ.

ಸನಮಡಿಯ ಒಂದು ಉದಾಹರಣೆ ಕಟ್ಟಿ ನೋಡೋಣ

ಇದು ನಾವು ಕಟ್ಟಿದ ಉದಾಹರಣೆ, ಯಾರ ಜೀವನವೂ ಅಲ್ಲ. ಹಿನ್ನೆಲೆ ಮಾತ್ರ ನಿಜ.

ಜತ್ತ ತಾಲೂಕಿನ ಅನೇಕ ಕುಟುಂಬಗಳು ದೀಪಾವಳಿಯ ಆಸುಪಾಸು ಕಬ್ಬು ಕಡಿಯಲು ಹೊರಡುತ್ತವೆ. ಮುಕಾದಮನಿಂದ ಮುಂಗಡ ಹಣ ತೆಗೆದುಕೊಂಡಿರುತ್ತಾರೆ, ಅದಕ್ಕೆ ಉಚಲ್ ಅನ್ನುತ್ತಾರೆ. ಸಕ್ಕರೆ ಕಾರಖಾನೆಯ ಹತ್ತಿರ ಖೋಪಿ ಹಾಕಿಕೊಂಡು ಹಂಗಾಮು ಮುಗಿಯುವ ತನಕ ಇದ್ದು, ಮಾರ್ಚ್ ಏಪ್ರಿಲ್ ಹೊತ್ತಿಗೆ ತಿರುಗಿ ಬರುತ್ತಾರೆ. ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು "ಕೊಯ್ತಾ". ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ.

ಇಂಥ ಮನೆಯ, ಸನಮಡಿ ಕಡೆಯ ಹುಡುಗಿಯೊಬ್ಬಳು ಓದಿ ಶಿಕ್ಷಕಿಯಾಗಿದ್ದಾಳೆ ಎಂದಿಟ್ಟುಕೊಳ್ಳಿ. ವಲಸೆ ಮಕ್ಕಳ ಶಿಕ್ಷಣದ ಬಗ್ಗೆ ಅಧಿಕಾರಿಗಳ ಸಭೆ, ಇವಳಿಗೆ ಹತ್ತು ನಿಮಿಷ. ಮೊದಲ ಕರಡು ಹೀಗಿರುತ್ತದೆ:

"ನಾನು ಅತ್ಯಂತ ಬಡ ಕುಟುಂಬದಲ್ಲಿ ಜನಿಸಿದೆ. ನನ್ನ ತಂದೆ ತಾಯಿ ಕಬ್ಬು ಕಡಿಯುವ ಕಾರ್ಮಿಕರು. ಬರಪೀಡಿತ ಜತ್ತ ತಾಲೂಕಿನಲ್ಲಿ ಎಷ್ಟೋ ಅಡೆತಡೆಗಳನ್ನು ಎದುರಿಸಿ, ಛಲ ಬಿಡದೆ ಓದಿ ಇಂದು ನಿಮ್ಮ ಮುಂದೆ ನಿಂತಿದ್ದೇನೆ."

ಇದರಲ್ಲಿ ಸುಳ್ಳಿಲ್ಲ. ಚಪ್ಪಾಳೆಯೂ ಬೀಳುತ್ತದೆ. ಆದರೆ ಇದೇ ಮಾತನ್ನು ಬೀಡ ಜಿಲ್ಲೆಯವರೂ ಹೇಳಬಹುದು, ರಾಯಚೂರಿನವರೂ ಹೇಳಬಹುದು. ಕೇಳಿದ ಅಧಿಕಾರಿಗೆ ನಾಳೆ ಕಚೇರಿಗೆ ಹೋಗಿ ಮಾಡಲು ಇದರಲ್ಲಿ ಏನೂ ಇಲ್ಲ. ಎರಡನೆಯ ಕರಡು:

"ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಮಾರ್ಚ್ ತಿಂಗಳಲ್ಲಿ ನಾನು ಶಾಲೆಗೆ ತಿರುಗಿ ಬಂದೆ. ಪುಸ್ತಕ ತೆಗೆದೆ. ಮೊದಲಿನ ಐದು ಪಾಠದ ಹಾಳೆಗಳ ಮೂಲೆ ಮುದುಡಿ, ಬೆರಳಿನ ಗುರುತು ಬಿದ್ದಿತ್ತು. ಅಲ್ಲಿಂದ ಮುಂದಿನ ಹಾಳೆಗಳು ಅಂಗಡಿಯಿಂದ ತಂದ ಹಾಗೆ ಹೊಸದಾಗಿ ಇದ್ದವು. ಗುರುಗಳು ಹನ್ನೆರಡನೆಯ ಪಾಠ ತೆಗೆಯಿರಿ ಅಂದರು. ಆ ಐದು ತಿಂಗಳು ನಾನು ಖೋಪಿಯಲ್ಲಿ ತಮ್ಮನನ್ನು ನೋಡಿಕೊಂಡಿದ್ದೆ. ಹತ್ತಿರದಲ್ಲೇ ಶಾಲೆ ಇತ್ತು, ಮರಾಠಿ ಶಾಲೆ. ನಾಲ್ಕು ದಿನ ಹೋದೆ. ನನಗೆ ಓದಲು ಬರುತ್ತಿದ್ದದ್ದು ಕನ್ನಡ. ಮುಕಾದಮನ ವಹಿಯಲ್ಲಿ ಅಪ್ಪ ಅವ್ವ ಸೇರಿ ಒಂದು ಕೊಯ್ತಾ. ನಾನು ಯಾವ ವಹಿಯಲ್ಲೂ ಇರಲಿಲ್ಲ. ವಲಸೆ ಹೋಗುವ ಮಕ್ಕಳಿಗೆ ನಾವು ಕೊಡುವ ಕಾರ್ಡಿನಲ್ಲಿ ಎರಡು ಸಾಲು ಸೇರಿಸಬೇಕೆಂದು ಕೇಳಲು ಬಂದಿದ್ದೇನೆ: ಮಗು ಯಾವ ಪಾಠದವರೆಗೆ ಓದಿದೆ, ಯಾವ ಮಾಧ್ಯಮದಲ್ಲಿ ಓದಿದೆ."

ಇಲ್ಲಿ ಬಡತನ ಎಂಬ ಶಬ್ದ ಒಮ್ಮೆಯೂ ಬಂದಿಲ್ಲ. ಛಲ ಎಂಬುದೂ ಇಲ್ಲ. ಹೊಸದಾಗಿ ಉಳಿದ ಹಾಳೆಗಳನ್ನು ಅಧಿಕಾರಿ ತನ್ನ ಕಣ್ಣ ಮುಂದೆ ಕಾಣುತ್ತಾನೆ. ಕೊನೆಯ ಎರಡು ಸಾಲು ಅವನ ಟೇಬಲ್ಲಿನ ಮೇಲಿನ ಕೆಲಸ. ಸಭೆಯಲ್ಲಿ ಇದನ್ನು ಮರಾಠಿಯಲ್ಲೇ ಹೇಳಬೇಕಾದೀತು, ಹೇಳಲಿ. "ನನಗೆ ಓದಲು ಬರುತ್ತಿದ್ದದ್ದು ಕನ್ನಡ" ಎಂಬ ಮಾತು ಮರಾಠಿಯಲ್ಲಿ ಬಂದಾಗ ಅದರ ತೂಕ ಬಹುಶಃ ಹೆಚ್ಚೇ ಆಗುತ್ತದೆ, ಕಡಿಮೆ ಆಗುವುದಿಲ್ಲ.

ಅಮೆರಿಕದ ಮಾರ್ಷಲ್ ಗ್ಯಾಂಜ್ ಎಂಬವರು ಹಾರ್ವರ್ಡಿನಲ್ಲಿ ಕಲಿಸುವ ಕ್ರಮವೂ ಇದಕ್ಕೆ ಹತ್ತಿರದ್ದು: ನನ್ನ ಕತೆ, ನಮ್ಮ ಕತೆ, ಈಗಿನ ಕತೆ. ಅವರು ಅದನ್ನು ಕಲಿತದ್ದು ತರಗತಿಯಲ್ಲಿ ಅಲ್ಲ. 1965ರಿಂದ ಕ್ಯಾಲಿಫೋರ್ನಿಯಾದಲ್ಲಿ ಸೀಸರ್ ಚಾವೆಜ್ ಅವರ ಜೊತೆ ಹೊಲದ ಕೂಲಿಕಾರರ ಸಂಘಟನೆಯಲ್ಲಿ ದುಡಿದವರು ಅವರು. ದ್ರಾಕ್ಷಿ ತೋಟದ ಕೂಲಿಕಾರರ ಆ ಹೋರಾಟ ಪ್ರಸಿದ್ಧ. ಜತ್ತದ ದ್ರಾಕ್ಷಿಯವರಿಗೆ ಈ ವಿಷಯ ಖುಷಿ ಕೊಟ್ಟೀತೆಂದು ಇಲ್ಲಿ ಹೇಳಿದೆವು.

ಅಂಕಿ ಸಂಖ್ಯೆ ಎಲ್ಲಿ ಬರಬೇಕು

ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಪಾಲ್ಗೊಂಡವರ ಕೈಗೆ 5 ಡಾಲರ್ ಕೊಟ್ಟು, ಆಫ್ರಿಕಾದ ಹಸಿವಿನ ಬಗ್ಗೆ ಓದಿಸಿ ದಾನ ಕೇಳಿದರು. ರೋಕಿಯಾ ಎಂಬ ಒಬ್ಬ ಹುಡುಗಿಯ ಬಗ್ಗೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಬರೀ ಅಂಕಿಗಳನ್ನು ಓದಿದವರು 1.14. ಹುಡುಗಿಯ ಕತೆ, ಅಂಕಿ ಎರಡನ್ನೂ ಓದಿದವರು 1.43. ಅಂದರೆ ಲೆಕ್ಕ ಸೇರಿಸಿದ್ದರಿಂದ ಕತೆಯ ಬಲ ಇಳಿಯಿತು. ಮುಂದೆ ಇಂಥ ಪ್ರಯೋಗ ಮತ್ತೆ ಮಾಡಿದವರಿಗೆ ಇಷ್ಟು ಸ್ಪಷ್ಟ ಫಲ ಸಿಕ್ಕಿಲ್ಲ, ಆದ್ದರಿಂದ ಇದನ್ನೇ ವೇದವೆಂದು ಹಿಡಿಯುವುದು ಬೇಡ.

ದಾನ ಕೊಡುವವರು ಬೇರೆ, ತೀರ್ಮಾನ ತೆಗೆದುಕೊಳ್ಳುವವರು ಬೇರೆ. ಅಧಿಕಾರಿ, ವೈದ್ಯ, ಎಂಜಿನಿಯರ್, ಬ್ಯಾಂಕಿನವರಿಗೆ ಅಂಕಿ ಬೇಕೇ ಬೇಕು. ಬರೀ ಕತೆ ಹೇಳಿ ಕೂತರೆ "ಇದು ಒಬ್ಬರ ವಿಷಯ" ಎಂದು ಪಕ್ಕಕ್ಕಿಡುತ್ತಾರೆ, ಅದು ಅವರ ವೃತ್ತಿಧರ್ಮ. ನಮ್ಮ ಅಭಿಪ್ರಾಯದಲ್ಲಿ ಕತೆ ಪೂರ್ತಿ ಮುಗಿದು ಒಂದು ಉಸಿರು ಬಿಟ್ಟ ಮೇಲೆ ಅಂಕಿ ಬರಬೇಕು. ನಡುವೆ ತುರುಕಬಾರದು. ಮತ್ತು ಒಂದೇ ಅಂಕಿ: ನಮ್ಮ ಶಿಕ್ಷಕಿಯ ಮಾತಿನಲ್ಲಾದರೆ, ತನ್ನ ಶಾಲೆಯ ಹಾಜರಿ ಪುಸ್ತಕದಿಂದ ತಾನೇ ಎಣಿಸಿ ತೆಗೆದ ಡಿಸೆಂಬರಿನ ಗೈರುಹಾಜರಿ. ಇಂಟರ್ನೆಟ್ಟಿನಿಂದ ಎತ್ತಿದ ರಾಜ್ಯಮಟ್ಟದ ಹತ್ತು ಅಂಕಿಗಿಂತ ಅದು ಗಟ್ಟಿ.

ಯಾವ ಸಭೆಗೆ ಯಾವ ಕತೆ

ಮಿರಜ ಬಹಳ ಕಾಲದಿಂದ ವಾದ್ಯ ಮಾಡುವವರ ಊರು. ವಾನ್ಲೆಸ್ ಆಸ್ಪತ್ರೆ 1894ರಲ್ಲಿ ಸುರುವಾದ ಮೇಲೆ ವೈದ್ಯರ ಊರೂ ಹೌದು. ವೈದ್ಯರಿಗೆ ರೋಗಿಯ ಪೂರ್ವಕತೆ ಕೇಳುವ ಅಭ್ಯಾಸ ದಿನನಿತ್ಯದ್ದು. ಅವರ ಮುಂದೆ ಭಾವನೆ ತುಂಬುವುದಕ್ಕಿಂತ ಕ್ರಮ ಕಾಪಾಡುವುದು ಮುಖ್ಯ: ಮೊದಲು ಏನಾಯಿತು, ಎಷ್ಟು ಹೊತ್ತಿಗೆ, ಆಮೇಲೆ ಏನು. ಅಜ್ಜಿಗೆ ಎದೆನೋವು ಬಂದು ವಾಹನ ಸಿಗಲು ಎಷ್ಟು ತಾಸು ಹಿಡಿಯಿತು ಎಂಬುದನ್ನು ತಾಸಿನ ಲೆಕ್ಕದಲ್ಲೇ ಹೇಳಿ, "ಬಹಳ ತಡವಾಯಿತು" ಎನ್ನಬೇಡಿ.

ಬ್ಯಾಂಕಿನವರಿಗೆ ರೈತನ ಕತೆ ಕೇಳಿದ ಕೂಡಲೇ ಸಾಲ ಮನ್ನಾದ ವಾಸನೆ ಬರುತ್ತದೆ. ತೀರಿಸಿದ ಸಾಲದ ಮಾತನ್ನು ಮೊದಲೇ ಹೇಳಿಬಿಡಿ, ಅವರ ಮೈ ಸಡಿಲಾಗುತ್ತದೆ. ನೀರಾವರಿ ಎಂಜಿನಿಯರರ ಮುಂದೆ ಮ್ಹೈಸಾಳ ಏತ ನೀರಾವರಿಯ ಮಾತು ಬಂದೇ ಬರುತ್ತದೆ. ಕೃಷ್ಣೆಯ ನೀರನ್ನು ಮಿರಜ ತಾಲೂಕಿನ ಮ್ಹೈಸಾಳದಿಂದ ಹಂತ ಹಂತವಾಗಿ ಎತ್ತಿ ಜತ್ತದ ಕಡೆ ತರುವ ಯೋಜನೆ ಅದು. ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಿಲ್ಲದ್ದು, ಕಾಲುವೆಯಲ್ಲಿ ನೀರು ಬಂದ ದಿನ ನಿಮ್ಮ ಹೊಲದ ಅಂಚಿನಲ್ಲಿ ಏನಾಯಿತು, ನಿಂತ ದಿನ ಏನಾಯಿತು ಎಂಬುದು. ಅದನ್ನಷ್ಟೇ ಹೇಳಿ.

ಯಾರ ಕತೆ, ಯಾರ ಒಪ್ಪಿಗೆ

ಇದರಲ್ಲಿ ನಾವು ಸ್ವಲ್ಪ ಕಟ್ಟುನಿಟ್ಟು. ನಿಮ್ಮ ಕತೆ ಎಂದು ನೀವು ಹೇಳುವುದರಲ್ಲಿ ಅರ್ಧ ಅಪ್ಪನದು, ಅವ್ವನದು, ಅಕ್ಕನದು. ಅಪ್ಪ ಸಾಲ ಮಾಡಿದ್ದು, ಅಕ್ಕನ ಮದುವೆ ಚಿಕ್ಕ ವಯಸ್ಸಿನಲ್ಲಾದದ್ದು, ಕಾಕಾ ಕುಡಿದು ಹೊಲ ಕಳೆದದ್ದು ಪುಣೆಯ ಹವಾನಿಯಂತ್ರಿತ ಸಭಾಂಗಣದಲ್ಲಿ ಒಳ್ಳೆಯ ಕತೆಯಾಗಬಹುದು. ಇಂದು ಪ್ರತಿ ಸಭೆಯನ್ನೂ ಯಾರೋ ಮೊಬೈಲಿನಲ್ಲಿ ಹಿಡಿಯುತ್ತಾರೆ. ಸಂಜೆಯೊಳಗೆ ಅದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರುತ್ತದೆ. ಅಕ್ಕ ತನ್ನ ಅತ್ತೆಮನೆಯಲ್ಲಿ ಕೂತು ಅದನ್ನು ನೋಡುತ್ತಾಳೆ. ಆದ್ದರಿಂದ ಮೊದಲೇ ಫೋನ್ ಮಾಡಿ, "ಯಕ್ಕಾ, ನಿನ್ನ ವಿಷಯ ಹೇಳಬೇಕಂತ ಮಾಡೀನಿ, ಹೇಳ್ಲೇನ?" ಎಂದು ಕೇಳಿ. ಬೇಡ ಎಂದರೆ ಬಿಟ್ಟುಬಿಡಿ, ಬೇರೆ ಕತೆ ಸಿಗುತ್ತದೆ. ರೋಗಿಗಳ, ವಿದ್ಯಾರ್ಥಿಗಳ, ಗ್ರಾಹಕರ ವಿಷಯದಲ್ಲಿ ಹೆಸರು ಬದಲಿಸಿದರೆ ಸಾಲದು. ಸಣ್ಣ ತಾಲೂಕಿನಲ್ಲಿ ಊರು, ವಯಸ್ಸು, ಕಾಯಿಲೆ ಮೂರು ಹೇಳಿದರೆ ಹೆಸರು ತಾನಾಗಿ ಗೊತ್ತಾಗುತ್ತದೆ.

ಇನ್ನೂ ಹಸಿಯಾಗಿರುವ ನೋವನ್ನು ವೇದಿಕೆಗೆ ತರಬೇಡಿ. ಹೇಳುವಾಗ ನಿಮ್ಮ ಗಂಟಲು ಕಟ್ಟಿದರೆ ಸಭೆ ವಿಷಯ ಬಿಟ್ಟು ನಿಮ್ಮನ್ನು ಸಮಾಧಾನ ಮಾಡಲು ಹೊರಡುತ್ತದೆ. ಮನೆಯಲ್ಲಿ ಮೂರು ನಾಲ್ಕು ಸಲ ಹೇಳಿ, ಧ್ವನಿ ನಡುಗದೆ ಮುಗಿಸಲು ಬಂದ ಮೇಲೆ ಹೊರಗೆ ಹೇಳಬಹುದು.

ಭಾಷೆ ಮತ್ತು ತಯಾರಿ

ಕತೆಯನ್ನು ಮೊದಲು ಊರಿನ ಕನ್ನಡದಲ್ಲೇ ಹೇಳಿಕೊಳ್ಳಿ. ಬರೆಯಬೇಡಿ, ಹೇಳಿ. ಫೋನಿನಲ್ಲಿ ಧ್ವನಿ ಹಿಡಿದು ಕೇಳಿ. ಆಮೇಲೆ ಮರಾಠಿಗೋ ಇಂಗ್ಲಿಷಿಗೋ ತನ್ನಿ. ನೇರ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಅರ್ಜಿಯ ಭಾಷೆ ಬರುತ್ತದೆ, ಹೊಸ ಹಾಳೆಗಳು ಬರುವುದಿಲ್ಲ. ಖೋಪಿ, ಕೊಯ್ತಾ, ಉಚಲ್ ಇಂಥ ಒಂದೆರಡು ಶಬ್ದಗಳನ್ನು ಹಾಗೆಯೇ ಇಟ್ಟು ಅರ್ಥ ಹೇಳಿ ಮುಂದೆ ಹೋಗಿ. ಹತ್ತು ಶಬ್ದ ಇಟ್ಟರೆ ನಿಘಂಟಾಗುತ್ತದೆ. ಉಚ್ಚಾರದ ಬಗ್ಗೆ ಕ್ಷಮೆ ಕೇಳಿ ಸುರುಮಾಡುವ ರೂಢಿ ನಮ್ಮವರಲ್ಲಿ ಬಹಳ ಇದೆ. ಅದನ್ನು ದಯವಿಟ್ಟು ಬಿಡಿ, ಇರುವ ಹೊತ್ತೇ ಕಡಿಮೆ.

ಟೆಡ್ ವೇದಿಕೆಯಲ್ಲಿ ಇಡೀ ಭಾಷಣಕ್ಕೆ ಇರುವ ಮಿತಿ 18 ನಿಮಿಷ. ನಿಮ್ಮ ಹತ್ತು ನಿಮಿಷದಲ್ಲಿ ಕತೆಗೆ ಎರಡು, ಹೆಚ್ಚೆಂದರೆ ಮೂರು. ಅದನ್ನು ಇಬ್ಬರ ಮುಂದೆ ಹೇಳಿ ನೋಡಿ: ಒಬ್ಬರು ಊರಿನವರು, ಒಬ್ಬರು ನಿಮ್ಮ ವೃತ್ತಿಯವರು. ಊರಿನವರು "ಹಂಗ ಇರಲಿಲ್ಲ ಬಿಡು" ಎಂದರೆ ನೀವು ಬಣ್ಣ ಹಚ್ಚಿದ್ದೀರಿ ಎಂದರ್ಥ. ವೃತ್ತಿಯವರು "ಸರಿ, ಅದಕ್ಕೇನೀಗ?" ಎಂದರೆ ಕತೆಯ ತುದಿ ಇನ್ನೂ ಅವರ ಕೆಲಸಕ್ಕೆ ಮುಟ್ಟಿಲ್ಲ. ಇಬ್ಬರೂ ಸುಮ್ಮನೆ ತಲೆ ಆಡಿಸಿದರೆ ಹೋಗಬಹುದು. ಪುರಾಣ ಹೇಳುವವರು ಕತೆ ನಡುವೆ ನಿಲ್ಲಿಸಿ ಸಭೆಯತ್ತ ನೋಡುತ್ತಾರಲ್ಲ, ಆ ನಿಲುಗಡೆಯನ್ನೂ ಅಭ್ಯಾಸ ಮಾಡಿ. ಗುಡ್ಡಾಪುರದ ಜಾತ್ರೆಗೆ ಹೋಗಿ ಬಂದವರಿಗೆ ಅದನ್ನು ಬೇರೆಯವರು ಕಲಿಸಬೇಕಿಲ್ಲ.

ಪ್ರಶ್ನೋತ್ತರದ ಹೊತ್ತಿಗೆ ತಯಾರಿ ಬೇಕು. ನೀವು ಕುರಿಯ ಬಗ್ಗೆ ಮಾತಾಡಿರಿ, ಹಾಜರಿಯ ಬಗ್ಗೆ ಮಾತಾಡಿರಿ, ಹಿಂದಿನ ಸಾಲಿನಿಂದ ಒಬ್ಬರು ಎದ್ದು "ಜತ್ತದವರು ಅಂದಿರಿ, ನಿಮಗೆ ಯಾವ ರಾಜ್ಯ ಬೇಕು?" ಎಂದು ಕೇಳಿಯೇ ಕೇಳುತ್ತಾರೆ. ಕೇಳುವವರಲ್ಲಿ ಕೆಟ್ಟ ಉದ್ದೇಶ ಇರುವುದು ಕಡಿಮೆ, ಕುತೂಹಲ ಅಷ್ಟೇ. ಉತ್ತರ ಮೊದಲೇ ಒಂದು ವಾಕ್ಯದಲ್ಲಿ ಸಿದ್ಧ ಇರಲಿ, ನಗುಮುಖದಲ್ಲಿ ಹೇಳಲು ಬರುವಂತಿರಲಿ. ಉದಾಹರಣೆಗೆ: "ಗಡಿಯ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದೆ ಸರ್, ನಾನು ಬಂದದ್ದು ಕಾರ್ಡಿನಲ್ಲಿ ಎರಡು ಸಾಲು ಕೇಳಲು." ಇಷ್ಟು ಹೇಳಿ ಮುಂದಿನ ಪ್ರಶ್ನೆ ಕೇಳುವವರತ್ತ ತಿರುಗಿದರಾಯಿತು.